ಪೋಲು ತಡೆಯುವ ಕೆಲಸ ಕಲಿಯಲು ಹೋದರೆ ದೊಡ್ಡಮ್ಮನ ಕೆಲಸ ಹೋಗುತ್ತದೆಯೇ?

ಪ್ರಶ್ನೆ: “ನಾನು ಸುಂಟಿಕೊಪ್ಪದವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದು ವರ್ಷವಾಗುತ್ತ ಬಂತು. ಕುಶಾಲನಗರದ ಕೂಡ್ಲೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನವರು (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಘಟಕ) ನನ್ನನ್ನು ‘ಪ್ರೋಸೆಸ್ ಇಂಪ್ರೂವ್‌ಮೆಂಟ್ ಅಪ್ರೆಂಟಿಸ್’ ಎಂದು ಒಂದು ವರ್ಷಕ್ಕೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ಕೆಲಸದಲ್ಲಿ ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಕಂಡುಹಿಡಿದು ಅದನ್ನು ಕಡಿಮೆ ಮಾಡುವುದೇ ನನ್ನ ಕಲಿಕೆಯಂತೆ. ನನ್ನ ದೊಡ್ಡಮ್ಮ ಅದೇ ಘಟಕದಲ್ಲಿ ಬಹಳ ವರ್ಷಗಳಿಂದ ಬೀಜ ಆರಿಸುವ ಕೆಲಸದಲ್ಲಿದ್ದಾರೆ. ‘ನೀನು ವಾಚು ಹಿಡಿದುಕೊಂಡು ಬಂದು ನಮ್ಮ ಕೈಯ ಲೆಕ್ಕ ಬರೆದರೆ ಮುಂದಿನ ವರ್ಷ ನಮ್ಮಲ್ಲಿ ಅರ್ಧ ಜನ ಇರುವುದಿಲ್ಲ’ ಎಂದು ಅವರು ನೇರವಾಗಿಯೇ ಹೇಳಿದರು. ಸೋದರಮಾವನ ಪ್ರಕಾರ ಇದು ಕಡಿಮೆ ದುಡ್ಡಿಗೆ ಆಳು ಹಿಡಿಯುವ ಉಪಾಯ; ಅದರ ಬದಲು ಆನ್‌ಲೈನ್‌ನಲ್ಲಿ ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್ ಎಂಬ ಗುಣಮಟ್ಟ ಸುಧಾರಣೆಯ ಸರ್ಟಿಫಿಕೇಟ್ ಮಾಡಿಕೊಂಡು ಬೆಂಗಳೂರಿಗೆ ಹೋಗು ಎನ್ನುತ್ತಾರೆ. ನಾನು ಏನು ಮಾಡಲಿ?”

ಉತ್ತರ: ನಿಮ್ಮ ಪತ್ರದಲ್ಲಿ ಸ್ಟೈಪೆಂಡ್, ಸರ್ಟಿಫಿಕೇಟ್, ಬೆಂಗಳೂರು ಎಲ್ಲದರ ಪ್ರಸ್ತಾಪ ಇದ್ದರೂ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ದೊಡ್ಡಮ್ಮ ಆಡಿದ ಮಾತು ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಮಾವನವರ ಸಂದೇಹಕ್ಕೆ ಆಮೇಲೆ ಬರೋಣ.

ದೊಡ್ಡಮ್ಮನವರ ಭಯ ಆಧಾರವಿಲ್ಲದ್ದಲ್ಲ. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲುಸಾಲಾಗಿ ಕುಳಿತು ಕಪ್ಪು ಬೀಜ, ಒಡಕು, ಕಲ್ಲುಗಳನ್ನು ಆರಿಸುತ್ತಿದ್ದ ಹೆಣ್ಣುಮಕ್ಕಳ ಸಂಖ್ಯೆ, ಬಣ್ಣ ನೋಡಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರಗಳು ಬಂದ ಮೇಲೆ ಕಡಿಮೆಯಾಗಿದೆ, ಮತ್ತು ಇದನ್ನು ಕಣ್ಣಾರೆ ಕಂಡವರಿಗೆ ಸುಧಾರಣೆ ಎಂಬ ಮಾತು ಕಿವಿಗೆ ಬಿದ್ದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಆ ಕಡಿತಕ್ಕೆ ಕಾರಣವಾದದ್ದು ಯಂತ್ರ ಕೊಳ್ಳುವ ಆಡಳಿತದ ತೀರ್ಮಾನವೇ ಹೊರತು ಕಲಿಯಲು ಬಂದ ಯಾರೋ ಒಬ್ಬರು ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕವಲ್ಲ. ಹಾಗೆಂದು ಆ ಲೆಕ್ಕದಿಂದ ಯಾರಿಗೂ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಯಾರ ಹೆಸರಿನ ಮುಂದೆ ಎಷ್ಟು ಕೆ.ಜಿ. ಎಂದು ನೀವು ಬರೆದಿಟ್ಟರೆ, ಅದನ್ನು ನೀವು ಯಾವ ಉದ್ದೇಶಕ್ಕೆ ಬರೆದಿರಿ ಎಂಬುದನ್ನು ಆರು ತಿಂಗಳ ಬಳಿಕ ಆ ಹಾಳೆ ಹೇಳುವುದಿಲ್ಲ. ಹಾಳೆ ಯಾರ ಕೈಯಲ್ಲಿದೆಯೋ ಅವರು ಹೇಳಿದ್ದೇ ಅದರ ಅರ್ಥವಾಗುತ್ತದೆ.

ಈ ವಿದ್ಯೆ ಹುಟ್ಟಿದ ಜಾಗದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನೆನೆಯುವುದು ಒಳ್ಳೆಯದು. ಪೋಲನ್ನು ಹುಡುಕಿ ತೆಗೆಯುವ ಕ್ರಮಕ್ಕೆ ಇಂದಿನ ರೂಪ ಬಂದದ್ದು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ, ಮುಖ್ಯವಾಗಿ ತೈಚಿ ಓಹ್ನೋ ಎಂಬ ಎಂಜಿನಿಯರ್ ಅವರ ಕೈಯಲ್ಲಿ. ಅದೇ ಕಂಪನಿ 1950ರಲ್ಲಿ ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರ ಹೋರಾಟ ನಡೆದು, ಕೊನೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ಹೋಗಬೇಕಾಯಿತು. ಅಧ್ಯಕ್ಷ ಕಿಚಿರೋ ಟೊಯೋಡಾ ಅವರೂ ಹೊಣೆ ಹೊತ್ತು ರಾಜೀನಾಮೆ ನೀಡಿದರು. ಉಳಿದವರ ಕೆಲಸಕ್ಕೆ ಭದ್ರತೆ ಕೊಡದೆ ಇನ್ನು ಮುಂದೆ ಸಾಗದು ಎಂಬುದು ಆ ಪೆಟ್ಟಿನ ಬಳಿಕವೇ ಅಲ್ಲಿ ಗಟ್ಟಿಯಾದದ್ದು, ಮತ್ತು ಮರುವರ್ಷ, ಅಂದರೆ 1951ರಲ್ಲಿ, ಕಾರ್ಮಿಕರಿಂದಲೇ ಸಲಹೆ ಪಡೆಯುವ ಪದ್ಧತಿಯೂ ಆರಂಭವಾಯಿತು. ಸಲಹೆ ಕೊಟ್ಟದ್ದಕ್ಕೆ ತನ್ನ ಪಕ್ಕದಲ್ಲಿ ಕುಳಿತವಳ ಕೂಲಿ ಹೋಗುತ್ತದೆ ಎಂದು ತಿಳಿದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಜನರನ್ನು ಕಡಿಮೆ ಮಾಡಲೆಂದೇ ಈ ಕ್ರಮವನ್ನು ತಂದ ಘಟಕಗಳಲ್ಲಿ ಮೊದಲ ವರ್ಷ ಲಾಭ ಕಂಡು, ಎರಡನೆಯ ವರ್ಷದಿಂದ ಹೊಸದೊಂದು ವಿಚಾರವೂ ಹುಟ್ಟದೆ ನಿಂತುಹೋದದ್ದನ್ನು ನಾನು ನೋಡಿದ್ದೇನೆ.

ಹಾಗಾದರೆ ಪೋಲು ಎಲ್ಲಿರುತ್ತದೆ? ಓಹ್ನೋ ಅವರು ಅದನ್ನು ಏಳು ಬಗೆಯಾಗಿ ವಿಂಗಡಿಸಿದರು. ಅಗತ್ಯಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಅನಗತ್ಯ ಸಾಗಣೆ, ಅನಗತ್ಯ ಸಂಸ್ಕರಣೆ, ಹೆಚ್ಚುವರಿ ದಾಸ್ತಾನು, ಸುಮ್ಮನೆ ಓಡಾಟ, ದೋಷವುಳ್ಳ ಸರಕು. ಈ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಪರೀಕ್ಷೆ ಪಾಸಾಗಬಹುದು, ಅದಕ್ಕಿಂತ ಹೆಚ್ಚಿನ ಉಪಯೋಗವಿಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದೇ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಒಂದು ವರ್ಷ ಸಾರ್ಥಕವಾಗುವುದು ಅಥವಾ ವ್ಯರ್ಥವಾಗುವುದು ಇಂಥ ಕೆಲಸ ನಿಮಗೆ ಸಿಗುತ್ತದೆಯೇ ಎಂಬುದರ ಮೇಲೆ ನಿಂತಿದೆ.

ರೋಬಸ್ಟಾ ಚೆರಿ, ಅಂದರೆ ಹಣ್ಣಿನ ಸಮೇತ ಒಣಗಿಸಿದ ಕಾಫಿ, ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರದಲ್ಲಿ ಹಾದು ಬರುವಾಗ ಒಂದಷ್ಟು ಬೀಜ ಒಡೆದು ಬಿಟ್ಸ್ ಆಗುತ್ತದೆ. ಬಿಟ್ಸ್‌ಗೂ ಬೆಲೆಯಿದೆ, ಆದರೆ ಇಡೀ ಬೀಜದ ಬೆಲೆಯಿಲ್ಲ. ದಿನಕ್ಕೆ 400 ಚೀಲ ಹಲ್ಲರ್‌ಗೆ ಹೋಗುವ ಘಟಕದಲ್ಲಿ ಪ್ರತಿ 50 ಕೆ.ಜಿ. ಚೀಲಕ್ಕೆ ಬರೀ 200 ಗ್ರಾಂ ಹೆಚ್ಚುವರಿಯಾಗಿ ಒಡೆದರೂ ಅದು ದಿನಕ್ಕೆ 80 ಕೆ.ಜಿ. ಆಗುತ್ತದೆ. ಆಡಳಿತದವರನ್ನು ಕೇಳಿದರೆ ಹಲ್ಲರ್ ನೋಡಿಕೊಳ್ಳುವವರ ಅಜಾಗರೂಕತೆ ಎನ್ನುತ್ತಾರೆ. ಹಲ್ಲರ್‌ನವರನ್ನು ಕೇಳಿದರೆ ತೋಟದವರು ಕಣದಲ್ಲಿ ಅತಿಯಾಗಿ ಒಣಗಿಸಿ ಕಳಿಸಿದ್ದಾರೆ ಎನ್ನುತ್ತಾರೆ. ಎರಡೂ ಬರೀ ಅಭಿಪ್ರಾಯಗಳು. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಕಲಿಯಲು ಬಂದಿದ್ದ ಡಿಪ್ಲೊಮಾ ಹುಡುಗನಿಗೆ ನಾವು ಕೊಟ್ಟ ಕೆಲಸ ಇಷ್ಟೇ: ಅರ್ಧ ಗಂಟೆಗೊಮ್ಮೆ ಹಲ್ಲರ್‌ನ ಬಾಯಿಂದ 100 ಗ್ರಾಂ ಮಾದರಿ ತೆಗೆದು, ಒಡಕನ್ನು ಬೇರ್ಪಡಿಸಿ ತೂಗಿ, ಲಾಟ್ ಸಂಖ್ಯೆ, ತೇವಾಂಶ ಮತ್ತು ಆ ಹೊತ್ತಿನ ಸೆಟ್ಟಿಂಗ್ ಇವನ್ನು ಕಂಬಕ್ಕೆ ಅಂಟಿಸಿದ ಹಾಳೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವುದು. ಆ ಹಾಳೆಯಲ್ಲಿ ಯಾವ ಕೆಲಸಗಾರರ ಹೆಸರಿಗೂ ಜಾಗವಿರಲಿಲ್ಲ.

ಕೆಲವು ವಾರಗಳಲ್ಲಿ ಕಂಡದ್ದು ಏನೆಂದರೆ, ಒಡಕು ಹೆಚ್ಚಾಗುತ್ತಿದ್ದುದು ಯಾವುದೇ ಒಬ್ಬರ ಪಾಳಿಯಲ್ಲಿ ಅಲ್ಲ, ಯಾವುದೇ ಒಂದು ತೋಟದ ಕಾಫಿಯಿಂದಲೂ ಅಲ್ಲ. ತೇವಾಂಶ ಹೆಚ್ಚಿದ್ದ ಲಾಟ್ ಮುಗಿದು ಚೆನ್ನಾಗಿ ಒಣಗಿದ ಲಾಟ್ ಆರಂಭವಾದ ಕೂಡಲೇ ಅದು ಏರುತ್ತಿತ್ತು. ಕಾಫಿ ಮಂಡಳಿ ಹೇಳುವ ತೇವಾಂಶದ ಮಟ್ಟ ರೋಬಸ್ಟಾ ಚೆರಿಗೆ ಶೇ. 11, ಅರೇಬಿಕಾ ಚೆರಿಗೆ ಶೇ. 10.5, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್‌ಗೆ ಶೇ. 10. ಆದರೆ ಸಣ್ಣ ಬೆಳೆಗಾರರಿಂದ ಬರುವ ಚೀಲಗಳು ಈ ಗೆರೆಯ ಎರಡೂ ಕಡೆ ಇರುತ್ತವೆ. ಅತಿಯಾಗಿ ಒಣಗಿದ ಬೀಜ ಪೆಡಸಾಗಿ ಒಡೆಯುತ್ತದೆ. ಹಿಂದಿನ ಲಾಟ್‌ಗೆ ಇಟ್ಟ ಸೆಟ್ಟಿಂಗ್‌ನಲ್ಲೇ ಅದನ್ನೂ ಓಡಿಸಿದರೆ ಇನ್ನಷ್ಟು ಒಡೆಯುತ್ತದೆ. ಸೆಟ್ಟಿಂಗ್ ಬದಲಿಸಬಾರದೇ ಎಂದರೆ, ದಿನಕ್ಕೆ ಹತ್ತಾರು ಸಣ್ಣ ಲಾಟ್‌ಗಳು, ಪ್ರತಿ ಸಲ ಯಂತ್ರ ನಿಲ್ಲಿಸಿದರೆ ಕೆಲಸ ಸಾಗುವುದಿಲ್ಲ. ಲಾಟ್‌ಗಳು ಏಕೆ ಹೀಗೆ ಹಸಿ, ಒಣ, ಹಸಿ, ಒಣ ಎಂದು ಬರುತ್ತಿವೆ ಎಂದು ಹಿಂದಕ್ಕೆ ಹೋಗಿ ನೋಡಿದರೆ, ಲಾರಿಗಳು ಗೇಟಿಗೆ ಬಂದ ಕ್ರಮದಲ್ಲೇ ಚೀಲಗಳನ್ನು ಅಟ್ಟಿ ಹಾಕಿ, ಅದೇ ಕ್ರಮದಲ್ಲಿ ಹಲ್ಲರ್‌ಗೆ ತರುತ್ತಿದ್ದರು. ಔಟ್‌ಟರ್ನ್, ಅಂದರೆ ಅವರವರ ಕಾಫಿಯಿಂದ ಸಿಕ್ಕ ಬೀಜದ ಪ್ರಮಾಣದ ಪ್ರಕಾರ ಬೆಳೆಗಾರರಿಗೆ ದುಡ್ಡು ಕೊಡಬೇಕಾದ್ದರಿಂದ ಒಬ್ಬರ ಕಾಫಿಯನ್ನು ಇನ್ನೊಬ್ಬರ ಕಾಫಿಯೊಂದಿಗೆ ಬೆರೆಸುವಂತಿಲ್ಲ. ಆದರೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಹಾಕಬೇಕು ಎಂಬುದನ್ನು ಬದಲಿಸಲು ಅಡ್ಡಿಯಿರಲಿಲ್ಲ. ಗೇಟಿನಲ್ಲಿ ಹೇಗೂ ಅಳೆಯುತ್ತಿದ್ದ ತೇವಾಂಶವನ್ನು ಚೀಲದ ಚೀಟಿಯ ಮೇಲೂ ಬರೆದು, ಅದರ ಪ್ರಕಾರ ಮೂರು ಗುಂಪಾಗಿ ಅಟ್ಟಿ ಹಾಕಿದ ಮೇಲೆ ಸೆಟ್ಟಿಂಗ್ ಬದಲಾವಣೆ ದಿನಕ್ಕೆ ಎರಡು ಮೂರು ಸಲಕ್ಕೆ ಇಳಿಯಿತು, ಒಡಕೂ ಇಳಿಯಿತು. ಒಬ್ಬರ ಕೂಲಿಯೂ ಹೋಗಲಿಲ್ಲ, ಹೊಸ ಯಂತ್ರವೂ ಬರಲಿಲ್ಲ. ಹಲ್ಲರ್ ನೋಡಿಕೊಳ್ಳುತ್ತಿದ್ದವರ ಮೇಲಿನ ಆರೋಪ ಮಾತ್ರ ಇಳಿಯಿತು ಎನ್ನಬೇಕು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದು ಏಕೆಂದರೆ, ತಪ್ಪು ಎಲ್ಲಿ ಕಾಣುತ್ತದೆಯೋ ಅಲ್ಲೇ ಅದರ ಕಾರಣ ಇರುವುದು ಅಪರೂಪ. ಕಾಣುವ ಜಾಗದಲ್ಲಿ ನಿಂತಿರುವ ಮನುಷ್ಯರನ್ನು ಅಳೆಯಲು ಹೊರಟ ಅಪ್ರೆಂಟಿಸ್ ಜಗಳ ಕಲಿಯುತ್ತಾನೆ; ಸರಕಿನ ಹಿಂದೆ ಗೇಟಿನವರೆಗೂ ನಡೆದು ಹೋದವನು ಕೆಲಸ ಕಲಿಯುತ್ತಾನೆ.

ಬೀಜ ಆರಿಸುವ ಹಾಲ್‌ಗೂ ಇದೇ ಮಾತು. ಅಲ್ಲಿ ನೀವು ನೋಡಬೇಕಾದದ್ದು ದೊಡ್ಡಮ್ಮನವರ ಕೈ ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ ಎಂಬುದನ್ನಲ್ಲ. ಬೆಳಿಗ್ಗೆ ಬಂದು ಕುಳಿತ ಮೇಲೆ ಮೊದಲ ಕಾಫಿ ಅವರ ಮುಂದೆ ಬೀಳಲು ಎಷ್ಟು ಹೊತ್ತಾಗುತ್ತದೆ? ಕಲರ್ ಸಾರ್ಟರ್ ಹೊರಗೆಸೆದ ರಾಶಿಯಲ್ಲಿ ಒಳ್ಳೆಯ ಬೀಜ ಎಷ್ಟಿದೆ, ಅಂದರೆ ಯಂತ್ರದ ಸೆಟ್ಟಿಂಗ್ ತಪ್ಪಿದ್ದಕ್ಕೆ ಈ ಹೆಂಗಸರು ಎರಡೆರಡು ಸಲ ಆರಿಸುತ್ತಿದ್ದಾರೆಯೇ? ಜೂನ್ ಬಂದು ಮೋಡ ಕವಿದ ಮೇಲೆ ಮೇಜಿನ ಮೇಲೆ ಕಂದು ಬೀಜಕ್ಕೂ ಕಪ್ಪು ಬೀಜಕ್ಕೂ ವ್ಯತ್ಯಾಸ ಕಾಣುವಷ್ಟು ಬೆಳಕು ಇರುತ್ತದೆಯೇ, ಅಥವಾ ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದು ಅವರದೇ ನೆರಳು ಬೀಜದ ಮೇಲೆ ಬೀಳುತ್ತಿದೆಯೇ? ಆರಿಸಿದ ಚೀಲವನ್ನು ತೂಕಕ್ಕೆ ಒಯ್ಯಲು ಯಾರಿಗಾಗಿ ಕಾಯಬೇಕು? ಕೆ.ಜಿ. ಲೆಕ್ಕದಲ್ಲಿ ಕೂಲಿ ಇರುವ ಕಡೆ ಹೀಗೆ ಕಾಯುವ ಒಂದೊಂದು ನಿಮಿಷವೂ ಅವರ ಕೂಲಿಯಿಂದಲೇ ಕಳೆದುಹೋಗುತ್ತದೆ. ಈ ಪ್ರಶ್ನೆಗಳಿಗೆ ಅರ್ಧಕ್ಕಿಂತ ಹೆಚ್ಚು ಉತ್ತರ ದೊಡ್ಡಮ್ಮನವರಿಗೆ ಈಗಲೇ ಗೊತ್ತಿರುತ್ತದೆ, ಕೇಳಿದವರಿಲ್ಲ ಅಷ್ಟೇ. ಕೆಲಸಕ್ಕೆ ಸೇರುವ ಮೊದಲೇ ಒಂದು ಸಂಜೆ ಅವರನ್ನು ಕೂರಿಸಿಕೊಂಡು ಕೇಳಿ, ಬರೆದುಕೊಳ್ಳಿ.

ಇನ್ನು ಮಾವನವರ ಮಾತು. ಅದು ಅರ್ಧ ಸತ್ಯ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಒಟ್ಟು ಬಲದ ಶೇ. 2.5ರಿಂದ ಶೇ. 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಕಡೆ ಅದು ಐಚ್ಛಿಕ. ಆದ್ದರಿಂದ ಸಂಖ್ಯೆ ತುಂಬಿಸಲು ಮಾತ್ರ ಜನರನ್ನು ತೆಗೆದುಕೊಂಡು ಎಲ್ಲೋ ಒಂದು ಮೂಲೆಯಲ್ಲಿ ಕೂರಿಸುವವರು ಇದ್ದಾರೆ. ದೊಡ್ಡ ಹೆಸರಿನ ತರಬೇತಿಗೆಂದು ಬಂದವನು ಇಡೀ ಸೀಸನ್ ವೇಬ್ರಿಡ್ಜ್ ಪಕ್ಕದಲ್ಲಿ ಚೀಟಿ ಬರೆಯುತ್ತ ಕಳೆದದ್ದನ್ನೂ ನಾನು ಕಂಡಿದ್ದೇನೆ. ಆದರೆ ದುಡ್ಡಿನ ವಿಷಯದಲ್ಲಿ ನಿಮಗೆ ಹೇಳಿರುವ ಮೊತ್ತ ಹಿಂದಿನ ನಿಯಮಕ್ಕೆ ಹೋಲಿಸಿದರೆ ಅಡ್ಡದಾರಿಯದ್ದಾಗಿ ಕಾಣುವುದಿಲ್ಲ. 2019ರಲ್ಲಿ ತಿದ್ದಿದ ನಿಯಮಗಳು ಡಿಪ್ಲೊಮಾ ಆದವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ ನಿಗದಿ ಮಾಡಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ ಈ ಮೊತ್ತಗಳನ್ನು ಶೇ. 36ರಷ್ಟು ಏರಿಸಲು ಶಿಫಾರಸು ಮಾಡಿತು. ಆ ಲೆಕ್ಕದಲ್ಲಿ ಡಿಪ್ಲೊಮಾದವರ ಕನಿಷ್ಠ ಮೊತ್ತ 10,800 ದಾಟುತ್ತದೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ದಿನ ಯಾವ ಮೊತ್ತ ಜಾರಿಯಲ್ಲಿದೆ ಎಂಬುದನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೀವೇ ನೋಡಿಕೊಳ್ಳಿ.

ಒಪ್ಪಂದ ಆ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂಬುದೇ ನಿಮ್ಮ ಮೊದಲ ಪರೀಕ್ಷೆಯಾಗಲಿ. ಡಿಪ್ಲೊಮಾದವರು ಸಾಮಾನ್ಯವಾಗಿ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಎಂಬ ಕೇಂದ್ರ ಯೋಜನೆಯ ಅಡಿಯಲ್ಲಿ ಬರುತ್ತಾರೆ, ಮತ್ತು ಅದರಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಹೀಗಿರುವಾಗ ನೋಂದಣಿ ಮಾಡಿಸಲು ಹಿಂದೇಟು ಹಾಕುವ ಸಂಸ್ಥೆಯ ಬಗ್ಗೆ ಅನುಮಾನ ಪಡುವುದು ನ್ಯಾಯವೇ. ನೋಂದಣಿಯಾದ ಅಪ್ರೆಂಟಿಸ್ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರಲ್ಲ, ಕಲಿಯುವವರು. ಹೀಗಾಗಿ ಪಿಎಫ್, ಇಎಸ್‌ಐ ಇರುವುದಿಲ್ಲ. ಕಾರ್ಖಾನೆಗಳಿಗಿರುವ ಆರೋಗ್ಯ, ಸುರಕ್ಷತೆಯ ನಿಯಮಗಳು ಮಾತ್ರ ನಿಮಗೂ ಅನ್ವಯಿಸುತ್ತವೆ, ಕೆಲಸದಲ್ಲಿ ಗಾಯವಾದರೆ ಪರಿಹಾರವೂ ಉಂಟು. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮಾಲೀಕರಿಗಿಲ್ಲ, ಮತ್ತು ಸಕಾರಣವಿಲ್ಲದೆ ನಡುವೆ ಬಿಟ್ಟು ಹೋದರೆ ತರಬೇತಿಯ ವೆಚ್ಚವನ್ನು ನೀವು ಮರಳಿಸಬೇಕಾಗಿ ಬರಬಹುದು. ಇದನ್ನು ತಿಳಿದೇ ಸಹಿ ಹಾಕಿ.

ಗ್ರೀನ್ ಬೆಲ್ಟ್ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಸಿಕ್ಸ್ ಸಿಗ್ಮಾ ಎಂಬುದು 1980ರ ದಶಕದಲ್ಲಿ ಅಮೆರಿಕದ ಮೊಟೊರೋಲಾ ಕಂಪನಿಯಲ್ಲಿ ರೂಪುಗೊಂಡ ಒಳ್ಳೆಯ ಕ್ರಮವೇ, ಆದರೆ ಬೆಲ್ಟ್ ಕೊಡುವ ಅಧಿಕಾರ ಜಗತ್ತಿನಲ್ಲಿ ಯಾವುದೇ ಒಂದು ಸಂಸ್ಥೆಗೆ ಸೇರಿದ್ದಲ್ಲ. ಯಾರು ಬೇಕಾದರೂ ಮುದ್ರಿಸಿ ಕೊಡಬಹುದು, ಕೊಡುತ್ತಿದ್ದಾರೆ ಕೂಡ. ಈ ಕ್ಷೇತ್ರದಲ್ಲಿ ಗೌರವವಿರುವ ಎಎಸ್‌ಕ್ಯೂ (ಅಮೆರಿಕನ್ ಸೊಸೈಟಿ ಫಾರ್ ಕ್ವಾಲಿಟಿ) ಸಂಸ್ಥೆ ತನ್ನ ಗ್ರೀನ್ ಬೆಲ್ಟ್ ಪರೀಕ್ಷೆಗೆ ಕೂರಲೇ ಮೂರು ವರ್ಷದ ಕೆಲಸದ ಅನುಭವ ಕೇಳುತ್ತದೆ. ಕಾರ್ಖಾನೆಯ ನೆಲ ಮೆಟ್ಟದೆ ಎರಡು ವಾರಾಂತ್ಯದಲ್ಲಿ ಪಡೆದ ಬೆಲ್ಟ್ ಊಟಕ್ಕಿಲ್ಲದ ಉಪ್ಪಿನಕಾಯಿ. ಸಂದರ್ಶನದಲ್ಲಿ ನಿಮ್ಮನ್ನು ಕೇಳುವುದು ನೀವು ಯಾವ ಸಮಸ್ಯೆಯನ್ನು ಹಿಡಿದಿರಿ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ನೀವು ಹೊರಟ ಮೇಲೂ ಅದು ಹಾಗೆಯೇ ಉಳಿಯಿತೇ ಎಂಬುದನ್ನು. ಇಂಗ್ಲೆಂಡಿನಲ್ಲಿ ಸುಧಾರಣೆಯ ಕೆಲಸಕ್ಕೆಂದೇ ತಂತ್ರಜ್ಞರ ಹಂತದಿಂದ ಮುಖ್ಯಸ್ಥರ ಹಂತದವರೆಗೆ ಪ್ರತ್ಯೇಕ ಅಪ್ರೆಂಟಿಸ್‌ಶಿಪ್‌ಗಳಿವೆ, ಮತ್ತು ಅಲ್ಲಿಯೂ ಕೊನೆಯ ಮೌಲ್ಯಮಾಪನದಲ್ಲಿ ಸ್ವಂತ ಕೆಲಸದ ಜಾಗದಲ್ಲಿ ಮಾಡಿದ ಪ್ರಾಜೆಕ್ಟ್‌ಗೆ ದೊಡ್ಡ ಪಾಲಿದೆ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಬೆಂಗಳೂರಿಗೆ ಹೋಗುವುದರಲ್ಲಿ ತಪ್ಪಿಲ್ಲ, ಆದರೆ ಅನುಭವವಿಲ್ಲದೆ ಹೋದರೆ ಮೊದಲ ಕೆಲಸ ಬಹುತೇಕ ಲೈನ್ ಆಪರೇಟರ್ ಅಥವಾ ತಪಾಸಣೆಯದ್ದಾಗಿರುತ್ತದೆ ಮತ್ತು ಬಾಡಿಗೆ, ಊಟಕ್ಕೆ ಸಂಬಳ ಸರಿಹೋಗುತ್ತದೆ. ಮೈಸೂರು, ಬಿಡದಿಯ ದೊಡ್ಡ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗುವುದು ಅದಕ್ಕಿಂತ ಮೇಲು. ಈ ಕ್ರಮ ಪಕ್ವವಾಗಿ ನಡೆಯುವುದನ್ನು ಅಲ್ಲಿ ಕಾಣುತ್ತೀರಿ, ಆದರೆ ಎಲ್ಲವೂ ಆಗಲೇ ಸರಿಯಾಗಿರುವ ಜಾಗದಲ್ಲಿ ಹೊಸಬರಿಗೆ ಸಿಗುವುದು ಒಂದು ಸ್ಟೇಷನ್, ಅಂದರೆ ಲೈನಿನಲ್ಲಿ ಒಂದೇ ಕೆಲಸದ ಜಾಗ ಮಾತ್ರ. ಕೂಡ್ಲೂರಿನ ಘಟಕದಲ್ಲಿ ಇದಕ್ಕೆ ವಿರುದ್ಧವಾದ ಅಪಾಯ: ಸಮಸ್ಯೆಗಳಿಗೆ ಬರವಿಲ್ಲ, ಕಲಿಸುವವರಿಗೆ ಬರವಿರಬಹುದು.

ಹಾಗಾಗಿ ನನ್ನ ಸಲಹೆ ಕೂಡ್ಲೂರೇ, ಆದರೆ ಕೆಲವು ಮಾತು ಬರಹದಲ್ಲಿ ಬಂದ ಮೇಲೆ. ನಿಮಗೆ ಕಲಿಸುವವರು ಯಾರು ಎಂದು ಹೆಸರು ಹೇಳಲಿ. ಮ್ಯಾನೇಜರ್ ಆಗಬೇಕೆಂದಿಲ್ಲ, ಹಲ್ಲರ್‌ನ ಸದ್ದಿನಲ್ಲೇ ಒಡಕು ಗುರುತಿಸುವ ಹಿರಿಯ ಮೇಸ್ತ್ರಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ವಾರಕ್ಕೊಮ್ಮೆಯಾದರೂ ನಿಮ್ಮ ಜೊತೆ ಕೂರುವ ಹೊಣೆ ಅವರಿಗಿರಬೇಕು. ವರ್ಷದಲ್ಲಿ ಕನಿಷ್ಠ ಒಂದು ಸಮಸ್ಯೆಯನ್ನು ಮೊದಲಿನಿಂದ ಕೊನೆಯವರೆಗೆ ನಿಮಗೇ ಬಿಟ್ಟುಕೊಡಬೇಕು, ಮತ್ತು ಬದಲಾವಣೆಯನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡುವ ಅನುಮತಿಯಿರಬೇಕು. ಬರೀ ವರದಿ ಬರೆಯುವುದಾದರೆ ಅದು ಗುಮಾಸ್ತಿಕೆ. ಮೂರನೆಯದು ದೊಡ್ಡಮ್ಮನವರ ಸಲುವಾಗಿ: ಅಳತೆಯಲ್ಲಿ ವ್ಯಕ್ತಿಗಳ ಹೆಸರು ಬರೆಯುವುದಿಲ್ಲ, ಮತ್ತು ಸುಧಾರಣೆಯಿಂದ ಬಿಡುವಾದವರನ್ನು ಆ ಕಾರಣಕ್ಕೆ ಕೈಬಿಡದೆ ಬೇರೆ ಕೆಲಸಕ್ಕೆ ಹಾಕುತ್ತೇವೆ ಎಂಬ ಒಂದು ಸಾಲು. ಇದಕ್ಕೆ ಕಾನೂನಿನ ಬಲ ಹೆಚ್ಚೇನೂ ಇರುವುದಿಲ್ಲ. ಆದರೂ ಕೇಳಿ, ಏಕೆಂದರೆ ಈ ಸಾಲಿಗೆ ಆಡಳಿತದವರು ಕೊಡುವ ಉತ್ತರದಿಂದಲೇ ಅವರು ನಿಮ್ಮನ್ನು ಯಾವ ಕೆಲಸಕ್ಕೆ ಕರೆಯುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ನಗುತ್ತ ಮಾತು ತೇಲಿಸಿದರೆ ಮೈಸೂರಿನ ಕಡೆ ಅರ್ಜಿ ಹಾಕಿ.

ಕಲಿಸುವವರ ಕೊರತೆಗೆ ಒಂದು ಪರಿಹಾರವನ್ನು ನೀವೇ ಅವರ ಗಮನಕ್ಕೆ ತರಬಹುದು. ಕೇಂದ್ರದ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಸಚಿವಾಲಯ 2023ರ ಮಾರ್ಚ್‌ನಲ್ಲಿ ಆರಂಭಿಸಿದ, ಪೋಲು ತಗ್ಗಿಸುವ ಕ್ರಮ ಕಲಿಸುವ ಲೀನ್ ಯೋಜನೆಯಲ್ಲಿ, ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ ಮೂಲ ಹಂತವನ್ನು ಶುಲ್ಕವಿಲ್ಲದೆ ಪೂರೈಸಬಹುದು, ಮೇಲಿನ ಹಂತಗಳಲ್ಲಿ ಸಲಹೆಗಾರರ ಶುಲ್ಕದ ಶೇ. 90ರಷ್ಟನ್ನು ಕೇಂದ್ರವೇ ಭರಿಸುತ್ತದೆ. ಘಟಕ ಇದಕ್ಕೆ ಸೇರಿದರೆ ಅನುಭವವಿರುವ ಸಲಹೆಗಾರರೊಬ್ಬರ ಜೊತೆ ಓಡಾಡುವ ಅವಕಾಶ ನಿಮಗೆ ಸಿಗುತ್ತದೆ.

ಸೇರುವ ತಿಂಗಳ ಬಗ್ಗೆಯೂ ಒಂದು ಮಾತು. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದರ ಹಿಂದೆಯೇ ಬಿರುಸು ಆರಂಭವಾಗಿ ಮಳೆಗಾಲದ ಹೊತ್ತಿಗೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಸೇರಿದರೆ ಅಳೆಯಲು ಕಲಿಯುವಷ್ಟರಲ್ಲಿ ಸರಕು ಖಾಲಿಯಾಗಿರುತ್ತದೆ. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಸೇರಿದರೆ ಖಾಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ನೋಡಬಹುದು, ಸೀಸನ್‌ನಲ್ಲಿ ಅಳೆಯಬಹುದು, ಮಳೆಗಾಲದಲ್ಲಿ ಅಟ್ಟಿ ಹಾಕಿದ ಕಾಫಿ ಗೋದಾಮಿನಲ್ಲಿ ತೇವ ಹೀರಿ ಬಣ್ಣಗೆಡುವ ಸಮಸ್ಯೆಯನ್ನೂ ಕಾಣಬಹುದು. ಒಪ್ಪಂದದ ಆರಂಭದ ದಿನಾಂಕವನ್ನು ಹಾಗೆ ಇಡಿಸಿಕೊಳ್ಳಿ, ಮತ್ತು ನೋಂದಣಿ ಸಂಖ್ಯೆಯಿರುವ ಒಂದು ಪ್ರತಿಯನ್ನು ಮನೆಯಲ್ಲಿ ತೆಗೆದಿರಿಸಿ.